ಸೋಲಾರ್ ಪ್ಲಾಂಟಿಗೆ ನೆರಳು

ನಮ್ಮೂರು ಗಾಳಿಬೀಡಿನ ಕರೆಂಟ್ ಕಾಟಕ್ಕೆ ಮಂಗಳ ಹಾಡುವವಳು ನಾನೇ ಎಂದು ರಜೆಗೆ ಮನೆಗೆ ಬಂದ ದಿನವೇ ಘೋಷಿಸಿಬಿಟ್ಟೆ. ಎಂಜಿನಿಯರಿಂಗ್ ಓದುವ ಮೋಕ್ಷಿತಾ ಎಂದರೆ ಸುಮ್ಮನೆಯೇ? ನಮ್ಮ ಮನೆಯ ಪಕ್ಕದಲ್ಲೇ ಮಹಿಳಾ ಸಂಘದ ಅಕ್ಕಿತರಿ ಮಿಲ್ಲು, ಅಮ್ಮ ನೀಲಾವತಿ ಅದರ ಕಾರ್ಯದರ್ಶಿ. ನಾನು ಅಮ್ಮನ ತಲೆ ತಿಂದೆ, ಅಮ್ಮ ಸಂಘದವರ ತಲೆ ತಿಂದರು, ಕೊನೆಗೆ ಮಿಲ್ಲಿನ ತಲೆಯ ಮೇಲೆ ಸೋಲಾರ್ ಬಂದು ಕೂತಿತು.

ಅಧ್ಯಕ್ಷೆ ದಮಯಂತಿ ಆಂಟಿಗೆ ಮಾತ್ರ ನಂಬಿಕೆ ಇರಲಿಲ್ಲ.

"ನೋಡು ನೀಲಾವತಿ, ನಾಣಯ್ಯನ ಮನೆ ಮದುವೆಗೆ ಕಡಂಬುಟ್ಟಿನ ಉಂಡೆ ಕಟ್ಟೋ ತರಿ ನಾಳೆ ನಮ್ಮಿಂದಲೇ ಹೋಗ್ಬೇಕು. ನಿನ್ನ ಮಗಳ ಸೂರ್ಯ ಕೈ ಕೊಟ್ರೆ ಮಿಲ್ಲಿನ ಬೀಗದಕೈ ಬೇರೆಯವ್ರಿಗೆ."

"ಆಂಟಿ, ಸೂರ್ಯ ಬಂಕ್ ಹೊಡೆಯಲ್ಲ" ಎಂದೆ. ಅಮ್ಮ ನಗಲಿಲ್ಲ. ಆ ಮಿಲ್ಲು ಅವರಿಗೆ ನನಗಿಂತ ಮುದ್ದಿನ ಮಗಳು.

ಸಂಜೆ ಅಜ್ಜನಿಗೂ ಒಂದು ಲೆಕ್ಚರ್ ಕೊಟ್ಟೆ. ಅಜ್ಜ ಮಾಯಿಲಪ್ಪ ಆಯುಸ್ಸು ಪೂರ್ತಿ ಸಿಲ್ವರ್ ಓಕ್ ಮರಗಳ ನೆರಳಿನ ಕಾಫಿ ತೋಟದಲ್ಲೇ ಕಳೆದವರು.

"ಅಜ್ಜ, ಇದಕ್ಕೆ ಸೋಲಾರ್ ಪ್ಲಾಂಟ್ ಅಂತಾರೆ. ಹೀಟ್ ಜಾಸ್ತಿ ಆದ್ರೆ ಪ್ಲಾಂಟ್ ಡಲ್ ಆಗುತ್ತೆ, ಗೊತ್ತಾ?"

"ಗೊತ್ತುಟ್ಟು ಗೂಡೆ" ಎಂದರು ಅಜ್ಜ; ಅವರ ಅರೆಭಾಷೆಯಲ್ಲಿ ಉಟ್ಟು ಎಂದರೆ ಇದೆ, ಗೂಡೆ ಎಂದರೆ ಹುಡುಗಿ. "ಪ್ಲಾಂಟ್ ಅಂದ್ಮೇಲೆ ಹಾಂಗೇ. ಎಳೇದಿರುವಾಗ ಜೋಪಾನ ಮಾಡ್ಬೇಕು."

ನಮ್ಮ ಕ್ಲಾಸಿನ ಹುಡುಗರಿಗೆ ಒಂದು ಸೆಮಿಸ್ಟರ್ ಹಿಡಿಯುವ ವಿಷಯ ಅಜ್ಜನಿಗೆ ಒಂದೇ ಏಟಿಗೆ ಹತ್ತಿತಲ್ಲ ಎಂದು ಹಿಗ್ಗಿಹೋದೆ.

ಮರುದಿನ ಬೆಳಿಗ್ಗೆ ಕರೆಂಟು ಹೋಯಿತು. ಹೋಗಲಿ, ಅದಕ್ಕೇ ಅಲ್ಲವೇ ಕಾದಿದ್ದು! ನಮ್ಮದು ಪುಟ್ಟ ಬ್ಯಾಟರಿ, ಮಿಲ್ಲು ಓಡಲು ಬಿಸಿಲೇ ಬೇಕು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಗತ್ತಿನಿಂದ ಸ್ವಿಚ್ ಒತ್ತಿದೆ. ಮಿಲ್ಲು ಮುದುಕನ ಹಾಗೆ ಕೆಮ್ಮಿ ಮಲಗಿಬಿಟ್ಟಿತು. ಅಮ್ಮನ ಕೈ ಸೊಂಟದಲ್ಲಿದ್ದ ಬೀಗದಕೈಗೆ ಹೋಯಿತು. ಹೊರಗೆ ನಾಣಯ್ಯನ ಜೀಪು ಹಾರನ್ ಹೊಡೆಯುತ್ತಿತ್ತು.

ಸೋಲಾರ್ ಹಾಕಿಕೊಟ್ಟ ಕುಶಾಲನಗರದ ಲೋಕೇಶಣ್ಣನಿಗೆ ಫೋನ್ ಮಾಡಿ ಹರಿಹಾಯ್ದೆ.

"ನಿಮ್ಮ ಇನ್‌ವರ್ಟರ್ ಡಿಫೆಕ್ಟ್! ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೇನೆ."

"ಹೋಗಿ ಮೇಡಂ. ಅದಕ್ಕೆ ಮೊದ್ಲು ಮೇಲೆ ಹತ್ತಿ ನೋಡಿದ್ರಾ?"

"ಆ್ಯಪಲ್ಲಿ ನೋಡಿದೆ."

"ಆ್ಯಪು ಏಣಿ ಹತ್ತಲ್ಲ ಮೇಡಂ."

ಹಲ್ಲು ಕಡಿಯುತ್ತಾ ಹತ್ತಿದೆ. ಮೇಲೆ ಪ್ಯಾನೆಲ್ಲುಗಳೇ ಕಾಣಲಿಲ್ಲ. ಅವುಗಳ ಮೇಲೆ ಹಸಿರು ನೆರಳುಬಲೆ, ಅದೂ ಎರಡು ಮಡಿಕೆ. ಚಳಿಜ್ವರ ಬಂದವರಿಗೆ ಕಂಬಳಿ ಹೊದೆಸಿದ ಹಾಗೆ ಸುತ್ತಲೂ ತಂತಿ ಬಿಗಿದು ಕಟ್ಟಿತ್ತು.

"ಅಜ್ಜಾ, ಯಾರು ಇದನ್ನ ಕಟ್ಟಿದ್ದು?"

"ನಾನೇ" ಎಂದರು ಅಜ್ಜ ಕೆಳಗಿನಿಂದ, ಶಹಬ್ಬಾಸ್‌ಗಿರಿಗೆ ಕಾಯುವವರಂತೆ. "ಬಿಸಿಲಿಗೆ ಪ್ಲಾಂಟ್ ಡಲ್ ಆಗುತ್ತೆ ಅಂತ ನೀನೇ ಹೇಳಿದ್ದಲ್ಲ?"

"ಇದು ಬಿಸಿಲು ಕುಡಿಯೋ ಪ್ಲಾಂಟ್ ಅಜ್ಜ!"

"ಅಂಥ ಪ್ಲಾಂಟ್ ನಾನು ನೋಡಿಲ್ಲೆ."

ಬಿಚ್ಚೋಣವೆಂದರೆ ಒಂದೊಂದು ಗಂಟೂ ಅಜ್ಜನ ಹಠದಷ್ಟೇ ಗಟ್ಟಿ. ಕೆಳಗೆ ಹಾರನ್ನು, ಅದರ ಮೇಲೆ ದಮಯಂತಿ ಆಂಟಿಯ ಗಂಟಲು. ತಾಳ್ಮೆ ಕೆಟ್ಟು ಕತ್ತಿ ತರಿಸಿ ಬಲೆಯನ್ನು ಚಿಂದಿ ಮಾಡಿ ಎಸೆದೆ. ಸ್ವಲ್ಪ ಹೊತ್ತಿಗೆ ಮಿಲ್ಲು ಗುರ್ ಎಂದಿತು, ತರಿ ಸುರಿಯಿತು, ಅಮ್ಮನ ಮುಖಕ್ಕೆ ಬಣ್ಣ ಬಂತು. ಯುದ್ಧ ಗೆದ್ದ ರಾಣಿಯಂತೆ ಏಣಿ ಇಳಿದೆ.

ಅಜ್ಜ ಚಿಂದಿಗಳನ್ನು ಎತ್ತಿ ಎತ್ತಿ ನೋಡುತ್ತಿದ್ದರು. "ಹರ್ದೇಬಿಟ್ಟೆಯಾ?"

"ಹಳೇ ಬಲೆ ತಾನೇ, ಬಿಡಿ ಅಜ್ಜ."

"ತೋಟದ ನರ್ಸರಿದು. ಪಾಪ, ಕಾಫಿ ಸಸಿಗಳು ಬೆಳಿಗ್ಗೆಯಿಂದ ಬಿಸಿಲಲ್ಲೇ ಉಟ್ಟು."

ಓಡಿಹೋಗಿ ನೋಡಿದರೆ ಸಸಿಗಳೆಲ್ಲ ಪರೀಕ್ಷೆಯಲ್ಲಿ ಫೇಲಾದವರಂತೆ ತಲೆ ತಗ್ಗಿಸಿ ನಿಂತಿದ್ದವು. ಅಜ್ಜ ಹೊಸ ಬಲೆ ತರಲು ಮಡಿಕೇರಿ ಬಸ್ಸು ಹತ್ತಿದರು. ಅವರು ಬರುವ ತನಕ ನಾನು ಬೆಡ್‌ಶೀಟ್ ಹಿಡಿದು, ಎರಡೂ ಕೈ ಅಗಲಿಸಿ, ಸಸಿಗಳ ಮೇಲೆ ಬಾಗಿ ನಿಂತೆ.

ಮಿಲ್ಲಿನ ಕಿಟಕಿಯಿಂದ ದಮಯಂತಿ ಆಂಟಿಯ ದನಿ ಕೇಳಿಸಿತು. "ತರಿ ಚೆನ್ನಾಗಿ ಬಂತು ನೀಲಾವತಿ. ಎಲ್ಲಿ ನಿನ್ನ ಎಂಜಿನಿಯರು?"

"ಎಂಜಿನಿಯರು ಆಮೇಲೆ" ಎಂದರು ಅಮ್ಮ. "ಸದ್ಯಕ್ಕೆ ತೋಟದಲ್ಲಿ ಸಿಲ್ವರ್ ಓಕ್ ಆಗಿದ್ದಾಳೆ."