ಸಂಡಿಗೆ ಕಾದವರಿಗೆ ಸುಂಟರಗಾಳಿ ಯಾವ ಲೆಕ್ಕ

ಬೇರೆಯವರು ಊರು ಸುತ್ತಿ ಬಂದು ಆ ಊರಿನ ಕಥೆ ಹೇಳುತ್ತಾರೆ. ನಾವು ಹೋಗಿ ಬಂದರೆ ಆ ಊರೇ ನಮ್ಮ ಕಥೆ ಹೇಳಿಕೊಂಡು ನಗುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ನಾವಿದ್ದ ರಾಲಿಯಿಂದ ಓಕ್ಲಹೋಮಾದ ಬಯಲಿಗೆ ಸುಂಟರಗಾಳಿ ನೋಡಲು ಹೋದಾಗಲೂ ಅದೇ ಆಯಿತು.

ಕಾರಣ ನನ್ನ ಹನ್ನೊಂದು ವರ್ಷದ ಮಗಳು. ಸೈನ್ಸ್ ಫೇರ್‌ಗೆ ನಿಜವಾದ ಸುಂಟರಗಾಳಿಯ ಫೋಟೊ ತರುತ್ತೇನೆಂದು ಕ್ಲಾಸಿನಲ್ಲಿ ಕೊಚ್ಚಿಕೊಂಡಿದ್ದಳು. ಎಲ್ಲರೂ ನಕ್ಕಿದ್ದರು. ಫೋಟೊ ಇಲ್ಲದೆ ಶಾಲೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಳು. ಶಾಲೆಗೆ ಸ್ಪ್ರಿಂಗ್ ಬ್ರೇಕ್ ಬಂತು, ನಾನು ಆಫೀಸಿಗೆ ರಜೆ ಹಾಕಿದೆ.

೧. ಬೋರ್ಡಿನ ಮುಂದೆ

ಮೈಸೂರಿನಿಂದ ಬಂದಿದ್ದ ಅತ್ತೆಯೂ ಹೊರಟರು. "ಗಾಳಿ ಬಂದ್ರೆ ಜನ ಮನೆಯೊಳಗೆ ಓಡ್ತಾರೆ. ನೀವು ಅದರ ಮನೆಗೇ ಹೋಗ್ತಿದೀರಲ್ಲ ಅಳಿಯಂದಿರೇ!" ಎಂದು ಬೈಯುತ್ತಲೇ ಪುಳಿಯೋಗರೆ ಗೊಜ್ಜು, ಅರ್ಧ ಒಣಗಿದ ಅಕ್ಕಿ ಸಂಡಿಗೆ, ಒಂದು ಹಳೇ ಪಂಚೆ ಎಲ್ಲವನ್ನೂ ಕಾರಿಗೆ ತುಂಬಿದರು.

ನಮ್ಮ ಮನೆಯಲ್ಲೊಂದು ಪದ್ಧತಿ. ಏನು ನೋಡಲು ಹೋದರೂ ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳಲೇಬೇಕು. ವಾಷಿಂಗ್ಟನ್ನಿನಲ್ಲಿ ತೆಗೆಸಿದ್ದರಲ್ಲಿ ವೈಟ್ ಹೌಸ್ ಎಲ್ಲೂ ಇಲ್ಲ, ನನ್ನ ಬೋಳುತಲೆ ಮಾತ್ರ ಚೆನ್ನಾಗಿ ಹೊಳೆಯುತ್ತಿದೆ. ಈ ಸಲವೂ ದಾರಿಯಲ್ಲಿ ಟೆನೆಸ್ಸಿ, ಆರ್ಕನ್ಸಾ ಎಂದು ಕಂಡ ರಾಜ್ಯಗಳ ಬೋರ್ಡಿಗೆಲ್ಲ ಕಾರು ನಿಲ್ಲಿಸಿದೆವು. ಬಯಲು ಮುಟ್ಟಿದಾಗ ಹೆಂಡತಿ ಕ್ಯಾಮೆರಾ ನೋಡಿ, "ರೀ, ರೀಲಿನ ಮೂವತ್ತಾರು ಫೋಟೊದಲ್ಲಿ ಒಂದೇ ಉಳಿದಿದೆ" ಎಂದಳು. ಸುತ್ತ ಅಂಗಡಿ ಹೋಗಲಿ, ಒಂದು ಮರವೂ ಇರಲಿಲ್ಲ. ಪುಣ್ಯ, ಬೋರ್ಡೂ ಇರಲಿಲ್ಲ!

೨. ಮೈಸೂರು ರೇಡಾರ್

ಎರಡು ದಿನ ಬರೀ ಬಿಸಿಲು. ಮಗಳ ಮುಖ ಬಾಡಿತು, ಅತ್ತೆಯ ಮುಖ ಅರಳಿತು. ಕಾರಿನ ಬಾನೆಟ್ ಮೇಲೆ ಪಂಚೆ ಹಾಸಿ ಸಂಡಿಗೆ ಒಣಗಿಸಿದರು.

ಮೂರನೇ ದಿನ, ಕ್ಯಾಮೆರಾ ರೀಲು ಸಿಗದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಒಬ್ಬ ಸಿಕ್ಕ. ಬಿರುಗಾಳಿ ಬೆನ್ನಟ್ಟುವುದೇ ಅವನ ಕಸುಬು. ವ್ಯಾನಿನ ಮೇಲೆ ಮೂರು ಆಂಟೆನಾ. "ಉತ್ತರಕ್ಕೆ ಹೋಗಿ" ಎಂದ. ಅಷ್ಟರಲ್ಲಿ, ಅಲ್ಲೂ ಬಾನೆಟ್ ಮೇಲೆ ಸಂಡಿಗೆ ಹರವಿದ್ದ ಅತ್ತೆ ಮೂಗು ಮೇಲೆತ್ತಿ, "ಸಂಡಿಗೆ ಎತ್ತಿ! ನೈಋತ್ಯ ಮೂಲೇಲಿ ಮೋಡ ಕಟ್ತಿದೆ" ಎಂದರು.

ನಾನು ಅನುಮಾನಿಸಿದೆ. "ನಲವತ್ತು ವರ್ಷ ತಾರಸಿ ಮೇಲೆ ಸಂಡಿಗೆ ಕಾದೋಳು ನಾನು. ಒಂದು ದಿನ ಒಂದು ಸಂಡಿಗೆ ನೆನೆಸಿಲ್ಲ" ಎಂದರು ಅತ್ತೆ.

"ಡ್ಯಾಡ್, ಪ್ಲೀಸ್! ಅಜ್ಜಿ ಹೇಳಿದ್ದು ಕೇಳಿ!" ಎಂದು ಮಗಳು ಕೂಗಿದಳು. ಕಾರು ನೈಋತ್ಯಕ್ಕೆ ತಿರುಗಿತು.

ಅರ್ಧ ಗಂಟೆಯಲ್ಲಿ ಆಕಾಶ ಕಪ್ಪಾಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಅದೇ ಮೂರು ಆಂಟೆನಾ! ಕಾರು ನಿಲ್ಲಿಸಿದಾಗ ಅವನು ಓಡಿಬಂದು, "ನಿಮ್ಮ ಹತ್ತಿರ ಯಾವ ರೇಡಾರ್ ಇದೆ?" ಎಂದು ಕೇಳಿದ. ನಾನು ಹೆಮ್ಮೆಯಿಂದ ಹಿಂದಿನ ಸೀಟು ತೋರಿಸಿದೆ. ರೇಡಾರ್ ಸಂಡಿಗೆಯನ್ನು ಡಬ್ಬಕ್ಕೆ ತುಂಬುತ್ತಿತ್ತು.

೩. ಕೊನೆಯ ಫೋಟೊ

ದೂರದ ಗೋಧಿ ಹೊಲದಾಚೆ ಮೋಡದಿಂದ ಸುಂಟರಗಾಳಿ ಇಳಿಯಿತು. ಮಗಳು ಕ್ಯಾಮೆರಾ ಎತ್ತಿದಳು. ಇದ್ದದ್ದು ಒಂದೇ ಫೋಟೊ.

"ತಡಿಯೇ!" ಅತ್ತೆ ಗದರಿದರು. "ಬರೀ ಗಾಳೀದು ತೆಗೆದ್ರೆ ನಾವು ಬಂದಿದ್ವಿ ಅಂತ ಯಾರು ನಂಬ್ತಾರೆ? ಎಲ್ಲಾ ಸಾಲಾಗಿ ನಿಂತ್ಕೊಳ್ಳಿ!"

ಅಭ್ಯಾಸಬಲ ನೋಡಿ, ಸಾಲಾಗಿ ನಿಂತೇಬಿಟ್ಟೆವು. ಕ್ಯಾಮೆರಾ ಆಂಟೆನಾದವನ ಕೈಗೆ ಹೋಯಿತು. ಅವನು ಕ್ಲಿಕ್ ಮಾಡಿದ, ಗಾಳಿ ಮೋಡದೊಳಗೆ ಮಾಯವಾಯಿತು. "ಅಜ್ಜಿ, ಯು ರೂಯಿನ್ಡ್ ಇಟ್!" ಎಂದು ಮಗಳು ರಾಲಿಯವರೆಗೂ ಅತ್ತಳು.

ಬೇರೆ ದಾರಿಯಿಲ್ಲದೆ ಅದೇ ಫೋಟೊವನ್ನು ಸೈನ್ಸ್ ಫೇರ್‌ಗೆ ಒಯ್ದಳು, ಜೊತೆಗೆ ನಾವೂ ಹೋದೆವು. ಇನ್ನೂ ಮೂರು ಮಕ್ಕಳು ಸುಂಟರಗಾಳಿ ತಂದಿದ್ದರು, ಎಲ್ಲವೂ ಮ್ಯಾಗಜೀನ್‌ನಿಂದ ಕತ್ತರಿಸಿದ್ದು. ಟೀಚರ್ ಫೋಟೊದಲ್ಲಿ ನಮ್ಮ ಸಾಲನ್ನು ನೋಡಿ, "ಈ ಹುಡುಗಿ ನಿಜವಾಗಿ ಹೋಗಿ ನೋಡಿದ್ದಾಳೆ" ಎಂದು ಮೊದಲ ಬಹುಮಾನದ ನೀಲಿ ರಿಬ್ಬನ್ ಅಂಟಿಸಿದರು. ನಕ್ಕಿದ್ದ ಮಕ್ಕಳೆಲ್ಲ ಅವಳ ಸುತ್ತ ಮುತ್ತಿಕೊಂಡರು. ಮಗಳು ಓಡಿಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ನನ್ನ ಕಣ್ಣೂ ಒದ್ದೆಯಾಯಿತು.

ಅತ್ತೆ ಕನ್ನಡಕ ಏರಿಸಿ ಫೋಟೊ ನೋಡಿದರು. ಸುಂಟರಗಾಳಿ ಸರಿಯಾಗಿ ನನ್ನ ಬೋಳು ನೆತ್ತಿಯಿಂದಲೇ ಎದ್ದು ಮೋಡ ಮುಟ್ಟಿತ್ತು.

"ಅಳಿಯಂದಿರೇ," ಎಂದರು, "ಮದುವೆ ಆದಮೇಲೆ ನಿಮ್ಮ ತಲೆ ಮೇಲೆ ಇಷ್ಟು ಕೂದಲು ನೋಡ್ತಿರೋದು ಇದೇ ಮೊದಲು!"