ತಮ್ಮ ಗೊರಕೆ ದಯವಿಟ್ಟು ಬಲಗಡೆಯಿಂದ ಬರಲಿ

ಮಾನ್ಯ ದಿವಾನರೇ,

ಹಾಗಾಗಿ, ನಿನ್ನೆ ನಾನು ಹೇಳಹೊರಟಿದ್ದು ಏನೆಂದರೆ, ತಪ್ಪೆಲ್ಲ ತಮ್ಮದೇ ಎಂದು ನಾನೇನೂ ಅನ್ನುತ್ತಿಲ್ಲ. ಆದರೆ ಮಾತು ಅಲ್ಲಿಗೆ ಬರುವಷ್ಟರಲ್ಲಿ ತಾವು ಎದ್ದು ನೀರಿನ ಬಟ್ಟಲಿನ ಕಡೆ ನಡೆದಿರಿ, ತಿರುಗಿ ಬಂದವರು ನನ್ನ ಪಾದದ ಮೇಲೆ ಗದ್ದ ಊರಿ ಕಣ್ಣು ಮುಚ್ಚಿಬಿಟ್ಟಿರಿ. ಬಾಯಿಮಾತು ನಡೆಯದ ಕಡೆ ಬರವಣಿಗೆಯೇ ಗತಿ ಎಂದುಕೊಂಡು, ಎರಡು ವರ್ಷ ಕಾಲೇಜಿನಲ್ಲಿ ಕಲಿತು ಅರ್ಧಕ್ಕರ್ಧ ಮರೆತ ಕ್ರಮದಂತೆ ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್’ ಎಂದು ಶುರುಮಾಡಿ, ತಮ್ಮ ಸುಕ್ಕುಗಟ್ಟಿದ ಹಣೆಗೂ, ಸುರುಳಿ ಸುತ್ತಿದ ಬಾಲಕ್ಕೂ, ಇದ್ದೂ ಇಲ್ಲದಂತಿರುವ ಮೂಗಿಗೂ ಬೇರೆಬೇರೆಯಾಗಿ ನಮಸ್ಕರಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಸಂಗತಿ ತಮಗೆ ಗೊತ್ತಿದ್ದದ್ದೇ, ಆದರೂ ಮೂರನೆಯವರು ಓದಿದರೆ ತಿಳಿಯಬೇಕಲ್ಲ. ಈ ಮನೆಯಲ್ಲಿ ಐದು ತಿಂಗಳ ನನ್ನ ಮೊಮ್ಮಗಳಿದ್ದಾಳೆ. ಅವಳ ತಲೆಯ ಹಿಂಬದಿಯ ಎಡಮಗ್ಗುಲು ಚಪ್ಪಟೆಯಾಗಿದೆ. ಇದೇ ಮನೆಯಲ್ಲಿ ನಾಲ್ಕು ವರ್ಷದ ಪಗ್ ನಾಯಿಯಾದ ತಾವೂ ಇದ್ದೀರಿ. ತಮ್ಮ ಮುಖ ಹುಟ್ಟಾ ಚಪ್ಪಟೆ. ಮೊದಲನೆಯದಕ್ಕೆ ಎರಡನೆಯದೇ ಕಾರಣ ಎಂದು ನನ್ನ ಮಗಳು ತೀರ್ಪು ಕೊಟ್ಟು, ತಮ್ಮನ್ನು ಮನೆಯಿಂದ ಸಾಗಹಾಕುವ ಮಾತೆತ್ತಿದಳು. ನನ್ನ ದೂರು, ತಮ್ಮ ಪರವಾದ ನನ್ನ ವಾದ, ಎರಡೂ ಇದೇ ಹಾಳೆಯಲ್ಲಿವೆ. ಇನ್ನೊಂದು ಹಾಳೆ ಹುಡುಕುವುದಕ್ಕೆ ಏಳಬೇಕೆಂದರೆ ತಾವು ಕಾಲು ಬಿಡುವುದಿಲ್ಲ.

ತಲೆಗಳ ವಿಷಯದಲ್ಲಿ ನಾನು ತಿಳಿಯದವನಲ್ಲ. ನಲವತ್ತು ವರ್ಷ ಬ್ಯಾಂಡಿನವರಿಗೂ ಕಾವಲಿನವರಿಗೂ ಟೋಪಿ ಹೊಲಿದವನು. ಮರದ ತಲೆಗಳ ನಡುವೆ ಅನ್ನ ಉಂಡವನು. ಅಷ್ಟು ವರ್ಷದಲ್ಲಿ ಒಂದೇ ಒಂದು ಗುಂಡನೆಯ ತಲೆ ನನ್ನ ಟೇಪಿಗೆ ಸಿಕ್ಕಿಲ್ಲ. ಮಗಳು ಮೊದಲ ಸಲ ಕೂಸಿನ ತಲೆ ಸವರಿ ಗಾಬರಿಯಾದಾಗ ನಾನು ಧೈರ್ಯ ಹೇಳಿದೆ, ಆ ಕಡೆ ಒಳಗೆ ಒಂದಿಷ್ಟು ಹತ್ತಿ ಕೊಟ್ಟು ಟೋಪಿ ಹೊಲಿದರೆ ಯಾರಿಗೂ ಕಾಣುವುದಿಲ್ಲವೆಂದು. ಅವಳು ನನ್ನನ್ನು ನೋಡಿದ ನೋಟವನ್ನು ತಾವೂ ನೋಡಿದಿರಿ. ಮೇಜಿನ ಕೆಳಗೆ ಹೊಕ್ಕವರು ತಾವೇ ಮೊದಲು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರ್ ಮೇಡಂ ಇಕ್ಕಳದಂಥ ಅಳತೆಗೋಲಿನಿಂದ ಕೂಸಿನ ತಲೆಯನ್ನು ಓರೆಯಾಗಿ ಎರಡು ಕಡೆಯಿಂದ ಅಳೆದು, ಎರಡರ ನಡುವೆ ಹನ್ನೊಂದು ಮಿಲಿಮೀಟರ್ ವ್ಯತ್ಯಾಸ ಎಂದರು. ಟೋಪಿಯ ಲೆಕ್ಕದಲ್ಲಿ ಇದು ಏನೂ ಅಲ್ಲ ಎಂದು ನಾನು ಬಾಯಿ ಹಾಕಿದೆ. “ಅಜ್ಜಾ, ಇದು ಟೋಪಿ ಅಲ್ಲ, ತಲೆ. ಅಂಗಾತ ಮಲಗಿಸ್ತಿರೋದು ಸರಿಯಾಗಿದೆ, ಅದನ್ನ ಬಿಡಬೇಡಿ. ಆದ್ರೆ ಪಾಪು ಯಾವಾಗ್ಲೂ ಎಡಕ್ಕೇ ತಿರುಗಿರ್ತಾಳೆ. ಎಡಗಡೆ ಅಂಥದ್ದೇನಿದೆ ನಿಮ್ಮನೇಲಿ?” ಎಂದು ಅವರು ಕೇಳಿದರು.

ಎಡಗಡೆ ತಾವಿದ್ದಿರಿ, ದಿವಾನರೇ. ಗಿಲಕಿ, ಬಣ್ಣದ ಚೆಂಡು, ಕನ್ನಡಿ, ಯಾವುದಕ್ಕೂ ತಿರುಗದ ಕೂಸು ತಮ್ಮ ಗೊರಕೆಗೆ ತಿರುಗುತ್ತಿತ್ತು. ಆಹಾ, ಆ ಗೊರಕೆಯೇ! ಮೊದಲು ಕೆಟಲಿನಂತೆ ಸಣ್ಣಗೆ ಸಿಳ್ಳೆ, ಆಮೇಲೆ ಮರದ ಪೆಟ್ಟಿಗೆ ಎಳೆದಂತೆ ಒಂದು ಗರಗರ, ಕೊನೆಗೆ ಏನೂ ಇಲ್ಲ. ಆ ಏನೂ ಇಲ್ಲದ ಗಳಿಗೆಯಲ್ಲಿ ಕೂಸೂ ಉಸಿರು ಹಿಡಿದು ಕಾಯುತ್ತಿತ್ತು, ತಾವು ಮತ್ತೆ ಶುರುಮಾಡಿದರೆ ಕೈಕಾಲು ಬಡಿದು ನಗುತ್ತಿತ್ತು. ಕಾಲೇಜಿನ ಲಾಜಿಕ್ ಮೇಷ್ಟರು ಕಲಿಸಿದಂತೆ ಹೇಳುವುದಾದರೆ, ಮೂಗು ಚಪ್ಪಟೆ, ದೇರ್‌ಫೋರ್ ಗೊರಕೆ. ಗೊರಕೆ, ದೇರ್‌ಫೋರ್ ಕೂಸಿನ ಕತ್ತು ಎಡಕ್ಕೆ. ಕತ್ತು ಎಡಕ್ಕೆ, ದೇರ್‌ಫೋರ್ ತಲೆ ಚಪ್ಪಟೆ. ಮೇಷ್ಟರು ಇದ್ದಿದ್ದರೆ ಪಾಸು ಮಾಡುತ್ತಿದ್ದರು, ಆಗ ಮಾಡಲಿಲ್ಲ.

ಉಪಾಯ ಸುಲಭದ್ದೇ. ಕೂಸಿನ ಪುಟ್ಟ ಮಂಚವನ್ನು ತಲೆಬದಿ ಕಾಲುಬದಿಗೆ ಬರುವಂತೆ ತಿರುಗಿಸಿದೆವು. ಈಗ ಕಿಟಕಿ ಕೂಸಿನ ಬಲಕ್ಕೆ ಬಂತು, ಕಿಟಕಿಯ ಬಳಿ ಮಲಗುವ ತಾವೂ ಬಲಕ್ಕೆ ಬರಬೇಕಿತ್ತು. ಎರಡನೆಯ ದಿನವೇ ತಾವು ಸ್ಥಾನ ಬದಲಿಸಿ ಬಾಗಿಲ ಕಡೆಗೆ, ಅಂದರೆ ಮತ್ತೆ ಎಡಕ್ಕೆ, ಬಿಡಾರ ಹೂಡಿದಿರಿ. ಮಗಳು ತಮ್ಮ ಹಾಸಿಗೆಯನ್ನು ಕಿಟಕಿಯ ಕೆಳಗೆ ಎಳೆದಳು. ತಾವು ಹಾಸಿಗೆ ಬಿಟ್ಟು ಬರಿನೆಲಕ್ಕೆ ಬಂದಿರಿ. ಬಿಸ್ಕತ್ತು ಇಟ್ಟಳು, ತಾವು ಬಿಸ್ಕತ್ತು ತಿಂದು, ಸಭ್ಯವಾಗಿ ಬಾಯಿ ನೆಕ್ಕಿಕೊಂಡು, ಎಡಕ್ಕೇ ಮರಳಿದಿರಿ. ಮೂರು ವಾರ ಕಳೆದರೂ ಆ ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. “ಅಪ್ಪಾ, ಇದು ಬೇಕಂತಲೇ ಮಾಡುತ್ತೆ. ನನ್ನ ಗೆಳತಿ ಮನೇಲಿ ಒಂದೆರಡು ತಿಂಗಳು ಬಿಟ್ಟಿರೋಣ, ಅಲ್ಲಿ ಅಂಗಳ ಇದೆ, ಆರಾಮಾಗಿರುತ್ತೆ” ಎಂದಳು ಮಗಳು. ಒಂದೆರಡು ತಿಂಗಳೆಂದರೆ ಎಷ್ಟು ಉದ್ದವೆಂದು ನನಗೆ ಗೊತ್ತು. ನನ್ನ ಹೊಲಿಗೆ ಯಂತ್ರ ಆ ಮನೆಗೆ ಹೋಗಿದ್ದೂ ಒಂದೆರಡು ತಿಂಗಳಿಗೇ.

ತಮ್ಮನ್ನು ಸೆರಗಿನಲ್ಲಿ ಸುತ್ತಿ ಈ ಮನೆಗೆ ತಂದವಳು, ತಮಗೆ ದಿವಾನರೆಂಬ ಪದವಿ ಕೊಟ್ಟವಳು ನನ್ನವಳು. ಇಂಥ ಮೂತಿಯದ್ದನ್ನು ಯಾಕೆ ತಂದೆ ಎಂದು ನಾನು ಕೇಳಿದರೆ, “ಮೂವತ್ತು ವರ್ಷ ನಿಮ್ಮ ಮೂತಿ ನೋಡಿಲ್ವಾ, ಇದೇನು ಮಹಾ” ಎಂದಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಈ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳುವವರು ತಾವೊಬ್ಬರೇ, ನಿದ್ದೆಯಲ್ಲಿಯಾದರೂ.

ಆಮೇಲೆ ಒಂದು ದಿನ ನನ್ನ ಕನ್ನಡಕದ ತಿರುಪು ಬಿದ್ದುಹೋಗಿ, ಅದನ್ನು ಹುಡುಕುತ್ತ ನಾನು ಕಿಟಕಿಯ ಕಡೆ ನೆಲದ ಮೇಲೆ ಕೂತೆ. ತಾವು ಬಾಗಿಲ ಕಡೆಯಿಂದ ಎದ್ದು ಬಂದು ನನ್ನ ಕಾಲಿಗೆ ಒರಗಿದಿರಿ. ಕೂಸು ಬಲಕ್ಕೆ ತಿರುಗಿತು. ಆಗ ನನಗೆ ಹೊಳೆಯಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಂಚ ತಿರುಗಿಸಿದಾಗ ಅದರ ಎತ್ತರದ ತಲೆಹಲಗೆಯ ನೆರಳು ನನ್ನ ಪತ್ರಿಕೆಯ ಮೇಲೆ ಬೀಳುತ್ತಿತ್ತು, ಹಾಗಾಗಿ ಯಾರಿಗೂ ಹೇಳದೆ ನಾನೇ ಕಿಟಕಿಯ ಬಳಿಯಿದ್ದ ನನ್ನ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡಿದ್ದೆ. ತಾವು ಹಿಂಬಾಲಿಸಿದ್ದು ಕುರ್ಚಿಯನ್ನೂ ಅಲ್ಲ, ನೆಲವನ್ನೂ ಅಲ್ಲ, ಈ ಎರಡು ಪಾದಗಳನ್ನು. ಲಾಜಿಕ್‌ನಲ್ಲಿ ನಾನು ಫೇಲಾದದ್ದು ಸರಿಯೇ ಆಗಿತ್ತು.

ಮಗಳ ಮುಂದೆ ಒಪ್ಪಿಕೊಂಡೆ. ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಕುರ್ಚಿಯನ್ನು ತಾನೇ ಕಿಟಕಿಯ ಕಡೆ, ನೆರಳಿಗೆ, ತಂದಿಟ್ಟಳು. ಒಂದು ತಿಂಗಳ ಮೇಲೆ ಮೇಡಂ ಅಳೆದಾಗ ಹನ್ನೊಂದು ಏಳಕ್ಕೆ ಇಳಿದಿತ್ತು. ತಮ್ಮನ್ನು ಕಳುಹಿಸುವ ಮಾತನ್ನು ಮಗಳು ಮತ್ತೆ ಆಡಲಿಲ್ಲ. ಬದಲಿಗೆ ತಮ್ಮನ್ನು ಎತ್ತಿಕೊಂಡು ಪಶುವೈದ್ಯರ ಬಳಿ ನಡೆದಳು.

ಅಲ್ಲಿ ವೈದ್ಯರು ತಮ್ಮ ಮೂಗಿನ ಹೊಳ್ಳೆಗೆ ಟಾರ್ಚು ಬಿಟ್ಟು, “ನೀವು ಇದನ್ನ ಗೊರಕೆ ಅಂತೀರಾ? ಇದು ಉಸಿರಿಗೆ ಒದ್ದಾಟ” ಎಂದರು. ನಾಲ್ಕು ವರ್ಷ ನಾವು ಆ ಒದ್ದಾಟವನ್ನು ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಕೇಳಿಸಿ ಹೊಟ್ಟೆ ಹಿಡಿದು ನಕ್ಕಿದ್ದೆವು. ಕೂಸಿನ ತಲೆ ಹನ್ನೊಂದು ಮಿಲಿಮೀಟರ್ ಚಪ್ಪಟೆಯಾಯಿತೆಂದು ಮನೆಯೆಲ್ಲ ಊಟ ಬಿಟ್ಟಿತು. ತಮ್ಮ ಮೂತಿಯನ್ನು ಪೂರ್ತಿ ಒಳಕ್ಕೆ ತಳ್ಳಿ ಹುಟ್ಟಿಸಿದ ತಳಿಗಾರರಿಗೆ ನಾಯಿಗಳ ಪ್ರದರ್ಶನದಲ್ಲಿ ಜನ ಬಹುಮಾನದ ಕಪ್ ಕೊಟ್ಟು ಕೈಕುಲುಕುತ್ತಾರೆ. ಇದಕ್ಕೆ ದೇರ್‌ಫೋರ್ ಹಾಕುವುದು ನನ್ನಿಂದಾಗದು.

ನಾಳೆ ಬೆಳಗ್ಗೆ ಎಂಟಕ್ಕೆ ತಮ್ಮ ಹೊಳ್ಳೆ ಅಗಲ ಮಾಡುತ್ತಾರೆ. ತಮ್ಮಂಥ ಮುಖದವರಿಗೆ ಅರಿವಳಿಕೆ ಕೊಡುವುದು ತುಸು ಸೂಕ್ಷ್ಮ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದಕಾರಣ ನನ್ನ ಬೇಡಿಕೆಗಳು ಹೀಗಿವೆ: ತಾವು ಅವರು ಹೇಳಿದ ಹೊತ್ತಿಗೇ ಏಳತಕ್ಕದ್ದು, ಎಂದಿನ ಸೋಮಾರಿತನ ತೋರತಕ್ಕದ್ದಲ್ಲ. ಎದ್ದ ಮೇಲೆ ಸದ್ದಿಲ್ಲದೆ ಉಸಿರಾಡತಕ್ಕದ್ದು. ಸದ್ದಿಲ್ಲದಿದ್ದರೂ ಕೂಸು ಬಲಕ್ಕೇ ತಿರುಗುವಂತೆ ಬೇರೇನಾದರೂ ವಿದ್ಯೆ ಕಲಿಯತಕ್ಕದ್ದು. ಅಷ್ಟೂ ಸಾಧ್ಯವಾಗದಿದ್ದರೆ ಮೊದಲನೆಯದೊಂದನ್ನು ನಡೆಸಿಕೊಟ್ಟು ಮಿಕ್ಕಿದ್ದನ್ನು ಮರೆತರೂ ನನ್ನ ತಕರಾರಿಲ್ಲ. ಕೂಸಿನ ಬಲಗಡೆ ಕೂತು ಗೊರಕೆ ಹೊಡೆಯಲು ನಾನೇ…

ಅಯ್ಯೋ, ಅಕ್ಷರ ಕಾಣುತ್ತಿಲ್ಲ. ತಲೆಹಲಗೆಯ ನೆರಳು ಹಾಳೆಯನ್ನೆಲ್ಲ ನುಂಗಿದೆ. ದೀಪ ಹಾಕಲು ಎದ್ದರೆ ತಮಗೆ ಎಚ್ಚರವಾಗುತ್ತದೆ, ಇವತ್ತು ಮಲಗಿರಿ. ಇಲ್ಲಿಗೇ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಕಾಲು ಜೋಮು ಹಿಡಿದಿರುವ
ತಮ್ಮ ಮನೆಯ ಹಳೆಯ ಟೋಪಿಯವನು

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ತಮ್ಮ ಮೂಗನ್ನು ಇಷ್ಟು ಮುದ್ದಾಗಿ ರೂಪಿಸಿದ ಮಹನೀಯರಿಗೂ ಸಲ್ಲಿಸುವುದು. ಅವರು ತಂತಮ್ಮ ಎರಡೂ ಹೊಳ್ಳೆಗೆ ಹತ್ತಿ ತುರುಕಿಕೊಂಡು, ಬಾಯಿ ಮುಚ್ಚಿಕೊಂಡು, ನಮ್ಮ ಮೂರು ಮಹಡಿಯ ಮೆಟ್ಟಿಲನ್ನು ಒಂದೇ ಒಂದು ಸಲ ಹತ್ತಿ ಬರಲಿ. ಮೇಲೆ ನಾನು ಕಪ್ ಹಿಡಿದು ನಿಂತಿರುತ್ತೇನೆ. ಎಷ್ಟು ಮುದ್ದಾಗಿ ಕಾಣುತ್ತಾರೆಂದು ನೋಡಿಯೇ ಬಹುಮಾನ ಕೊಡೋಣ.