ಟಿವೀನ ಎಷ್ಟಕ್ಕೆ ಇಡ್ಲಿ ಸಾರ್?

ಕೋಲಾರದ ಒಂದು ಟಿವಿ ಅಂಗಡಿಯಲ್ಲಿ ನನಗೆ ಕೆಲಸ. ಮಾರಿದ ಟಿವಿಯನ್ನು ಮನೆಗೆ ಕೊಂಡುಹೋಗಿ, ಗೋಡೆಗೆ ಹಾಕಿ, ಸೆಟ್‌ಟಾಪ್ ಬಾಕ್ಸಿಗೆ ಜೋಡಿಸಿ ಬರಬೇಕು. ಕಷ್ಟ ಶುರುವಾಗೋದು ಜೋಡಿಸಿದ ಮೇಲೆ. ಚಿತ್ರ ಎಷ್ಟು ಗೆರೆಯಲ್ಲಿ ಬರಬೇಕು ಅಂತ ಬಾಕ್ಸು ಕೇಳುತ್ತೆ: 576, 720, 1080, ಹೀಗೆ. ಇದಕ್ಕೇ ರೆಸಲ್ಯೂಶನ್ ಅಂತಾರೆ. ಟಿವಿಗೆ ಎಷ್ಟು ಹಿಡಿಸುತ್ತೋ ಅಷ್ಟು ಇಟ್ಟರೆ ಮುಗೀತು. ಆದರೆ ನಮ್ಮ ಸೀಮೆಯಲ್ಲಿ ಅದು ಅಷ್ಟಕ್ಕೇ ಮುಗಿದಿದ್ದನ್ನ ನಾನಂತೂ ಕಂಡಿಲ್ಲ.

ಲೆಕ್ಕ ತಾಳೆಯಾಗಲಿಲ್ಲ

ಕೋಲಾರದಲ್ಲೇ ಒಬ್ಬರು ನಿವೃತ್ತ ಅಕೌಂಟೆಂಟು. ಅವರದು 720ರ ಟಿವಿ. ಬಾಕ್ಸಲ್ಲಿ 1080 ಅಂತ ಕಂಡದ್ದೇ ತಡ, "ಅದಕ್ಕೇ ಇಡಿ" ಅಂದರು.

"ಇಟ್ಟರೂ ಪ್ರಯೋಜನ ಇಲ್ಲ ಸಾರ್. ಬಾಕ್ಸು 1080 ಕಳಿಸಿದರೂ ನಿಮ್ಮ ಟಿವಿ ತೋರಿಸೋದು 720 ಮಾತ್ರ."

ಅವರು ಕನ್ನಡಕ ಏರಿಸಿಕೊಂಡರು. "ಹಾಗಾದ್ರೆ ಮಿಕ್ಕ 360 ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ ಸಾರ್. ಟಿವಿ ಕುಗ್ಗಿಸಿಕೊಳ್ಳುತ್ತೆ."

"ಕುಗ್ಗಿಸಿಕೊಳ್ಳೋಕೆ ಅದೇನು ಸ್ವೆಟರಾ? ಒಳಗೆ ಬಂದಿದ್ದು ಎಲ್ಲೋ ಒಂದು ಕಡೆ ಇರಲೇಬೇಕಲ್ಲ!"

ನಾನು ಕೈಯಾಡಿಸಿ, ಚಿತ್ರ ಬರೆದು ಏನೇನೋ ವಿವರಿಸಿದೆ. ಅವರು ಜಗ್ಗಲಿಲ್ಲ. ಕೊನೆಗೆ ಒಗ್ಗರಣೆ ಹಾಕುತ್ತಿದ್ದ ಅವರ ಮನೆಯವರು ಅಡುಗೆಮನೆಯಿಂದಲೇ ಹೇಳಿದರು: "ರೀ, ನಾನು ಹೇಳಿದ್ರಲ್ಲಿ ನಿಮ್ಮ ಕಿವಿಗೆ ಬೀಳದೇ ಇರೋದು ಎಲ್ಲಿಗೆ ಹೋಗುತ್ತೋ, ಅದೂ ಅಲ್ಲಿಗೇ ಹೋಗುತ್ತೆ. ಬಿಡಿ ಪಾಪ, ಆ ಹುಡುಗನ್ನ!"

ಜಾಸ್ತಿ ಇದ್ರೆ ಒಳ್ಳೇದಲ್ವಾ

ಸುಗಟೂರಿಂದ ಫೋನು. ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕೋ ಯಜಮಾನರು. "ಟಿವಿ ಕಪ್ಪಗಾಗಿ ಹೋಯ್ತು ಕಣಪ್ಪ!"

"ಏನು ಮಾಡಿದ್ರಿ ಅಣ್ಣ?"

"ಏನಿಲ್ಲ, ಅದ್ರಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರು ಇತ್ತಲ್ಲ, ಅದನ್ನ ಒತ್ತಿದೆ. ಡೈರೀಲಿ ಫ್ಯಾಟು ಜಾಸ್ತಿ ಬಂದ್ರೆ ಒಳ್ಳೇದು ತಾನೆ?"

"ಇದು ಹಾಲಲ್ಲ ಅಣ್ಣ. ಅಷ್ಟನ್ನ ನಿಮ್ಮ ಟಿವಿ ತಡ್ಕೊಳಲ್ಲ. ರಿಮೋಟ್ ಕೆಳಗಿಟ್ಟು, ಏನೂ ಮುಟ್ಟದೆ ಸುಮ್ನೆ ಕೂತ್ಕೊಳಿ. ಸ್ವಲ್ಪ ಹೊತ್ತಿಗೆ ಅದೇ ಹಳೇ ನಂಬರಿಗೆ ಬರುತ್ತೆ."

"ಸುಮ್ನೆ ಅಂದ್ರೆ? ಯಾವ ಬಟನ್ ಒತ್ಲಿ?"

"ಯಾವುದೂ ಒತ್ತಬೇಡಿ!"

ಆ ಕಡೆಯಿಂದ ಉಸಿರಾಟದ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಒಂದು ಕೂಗು. "ಬಂತು!"

ಮುಂದಿನ ಸಲ ಆ ಊರಿಗೆ ಹೋದಾಗ ಡೈರಿ ಮುಂದೆ ನಿಂತಿದ್ದವರಿಗೆಲ್ಲ ಅವರು ಹೇಳುತ್ತಿದ್ದರು: "ಟಿವಿ ಕೆಟ್ರೆ ಅಂಗಡಿಯೋರನ್ನ ಯಾಕೆ ಕರೀತೀರ್ಲಾ? ನನ್ನನ್ನ ಕರೀರಿ. ಬಂದು ಸುಮ್ನೆ ಕೂತ್ಕೊಂತೀನಿ."

ದೇವರ ದರ್ಶನ

ಮುಳಬಾಗಿಲಿನ ಅರ್ಚಕರೊಬ್ಬರ ಮನೆ. ಅವರ ಟಿವಿ 1080ರದ್ದು, ಅಷ್ಟಕ್ಕೇ ಇಟ್ಟೆ. ಸಂಜೆಯ ಪೌರಾಣಿಕ ಧಾರಾವಾಹಿ ಬಂತು. ಅರ್ಚಕರು ಮಡಿಪಂಚೆ ಸರಿಮಾಡಿಕೊಂಡು, ಕೈಮುಗಿದು ಕೂತರು. ದೇವರು ಪ್ರತ್ಯಕ್ಷನಾದ. ಕಿರೀಟ ಹಣೆಗೆ ಅಂಟಿಸಿದ್ದು ಕಾಣಿಸಿತು. ಪೀತಾಂಬರಕ್ಕೆ ಚುಚ್ಚಿದ್ದ ಪಿನ್ನು ಕಾಣಿಸಿತು. ವರ ಕೊಡಲು ಎತ್ತಿದ ಕೈಯಲ್ಲಿ ವಾಚು ಕಟ್ಟಿದ್ದ ಗುರುತು ಬಿಳಿ ಪಟ್ಟಿಯಾಗಿ ಕಾಣಿಸಿತು.

ಅರ್ಚಕರು ಮುಗಿದ ಕೈ ಇಳಿಸಿದರು. "ಏನಪ್ಪಾ, ಇದನ್ನ ಸ್ವಲ್ಪ ಮಂಕು ಮಾಡೋಕಾಗುತ್ತಾ?"

"ಸ್ವಾಮಿ, ಸ್ಪಷ್ಟವಾಗಿ ಕಾಣಬೇಕು ಅಂತ ನೀವೇ ಅಲ್ವಾ ಹೊಸ ಟಿವಿ ತಂದಿದ್ದು?"

"ದೇವರು ಅಷ್ಟೊಂದು ಸ್ಪಷ್ಟವಾಗಿ ಕಾಣಬಾರದಪ್ಪ. ಮತ್ಯಾಕೆ ಗರ್ಭಗುಡೀಲಿ ಒಂದೇ ದೀಪ ಹಚ್ಚೋದು ಅಂದ್ಕೊಂಡೆ?"

576ಕ್ಕೆ ಇಳಿಸಿ ಬಂದೆ. ವಾರ್ತೆಗೆ ಮಾತ್ರ 1080 ಬೇಕಂತೆ. ಮಂತ್ರಿಗಳ ಮುಖ ಎಷ್ಟು ಸ್ಪಷ್ಟವಾಗಿ ಕಂಡರೂ ಅವರಿಗೆ ಅಡ್ಡಿ ಇಲ್ಲವಂತೆ.

ರಾಯಲ್ಪಾಡಿನ ವರಪರೀಕ್ಷೆ

ಈ ಮದುವೆಯ ಊಟ ಉಂಡು ಬಂದವನು ನಾನು. ಆದರೆ ಆ ಮದುವೆ ತಪ್ಪಿಹೋಗುವುದರಲ್ಲಿತ್ತು.

ಹುಡುಗಿ ರಾಯಲ್ಪಾಡಿನವಳು, ಮಾವಿನ ತೋಟದವರ ಮನೆ. ಹುಡುಗ ಮಾಲೂರು ಕಡೆಯ ಲಕ್ಕೂರಿನವನು, ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಮೊದಲು ಬಂದದ್ದು ಮುಖದ ಫೋಟೋ. ಆಳು ಹೇಗಿದ್ದಾನೆ ನೋಡಬೇಕು ಅಂದದ್ದಕ್ಕೆ, ಅವನ ಅಣ್ಣನ ಮದುವೆಯ ಹಳೇ ವೀಡಿಯೋ ಪೆನ್‌ಡ್ರೈವಲ್ಲಿ ಬಂತು. ಟಿವಿಗೆ ಹಾಕಿದಾಗ ಎರಡೂ ಪಕ್ಕ ಕಪ್ಪು ಪಟ್ಟಿ. ಹಳೇ ವೀಡಿಯೋ ಹಾಗೇ ಬರೋದು. ಹುಡುಗಿಯ ಅಪ್ಪ, "ನಾನು ತಂದಿದ್ದು ಪೂರ್ತಿ ಟಿವಿ, ಪೂರ್ತಿ ತುಂಬ್ಲಿ" ಅಂತ ಏನೇನೋ ಒತ್ತಿ ಚಿತ್ರವನ್ನು ಅಡ್ಡಡ್ಡ ಎಳೆದುಬಿಟ್ಟಿದ್ದರು.

ಹುಡುಗ ಪರದೆ ತುಂಬ ಬಂದ. ಹುಡುಗಿಯ ಅಜ್ಜಿಗೆ ಕಣ್ಣು ತುಂಬಿತು. "ಅಬ್ಬಾಯಿ ಬಾಗುನ್ನಾಡು! ಹುಡುಗ ಚೆನ್ನಾಗಿದಾನೆ! ಗಟ್ಟಿ ಆಳು. ಹಣ್ಣಿನ ಕ್ರೇಟು ಎರಡು ಒಟ್ಟಿಗೆ ಎತ್ತುತಾನೆ."

ಹೆಣ್ಣು ನೋಡೋಕೆ ಬಂದ ದಿನ ಕಾರಿಂದ ಇಳಿದವನು ನುಗ್ಗೆಕಾಯಿ ಥರ ಇದ್ದ. ಅಜ್ಜಿ ಅವನ ತೋಳು ಹಿಡಿದು ನೋಡಿ, "ಏಮಯ್ಯಾ, ಹುಷಾರಿಲ್ವಾ? ಎಷ್ಟು ದಿನದಿಂದ?" ಅಂದುಬಿಟ್ಟರು. ಆಮೇಲೆ ಒಳಗೆ ಹೋಗಿ, "ಬೇರೆ ಹುಡುಗನ್ನ ತೋರಿಸಿ ಮೋಸ ಮಾಡಿದ್ರು, ಇಲ್ಲಾ ಇವನಿಗೆ ಏನೋ ಕಾಯಿಲೆ" ಅಂತ ಬಾಗಿಲು ಹಾಕಿಕೊಂಡರು.

ಟಿವಿ ಹಾಕಿಕೊಟ್ಟವನು ಅಂತ ಹುಡುಗಿಯ ಅಪ್ಪ ನನಗೆ ಫೋನ್ ಮಾಡಿದರು. "ಬೇಗ ಬಾರಪ್ಪ, ನಮ್ಮಮ್ಮನಿಗೆ ನೀನಾದ್ರೂ ಹೇಳು." ಪಕ್ಕದ ಊರಲ್ಲೇ ಇದ್ದೆ, ಹೋದೆ. ನಡುಮನೆಯಲ್ಲಿ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಗಂಡಿನ ಕಡೆಯವರು ಗೋಡೆ ನೋಡುತ್ತಿದ್ದರು. ಹುಡುಗಿ ಕಾಫಿ ತಟ್ಟೆ ಹಿಡಿದು ನಿಂತೇ ಇದ್ದಳು. ಹುಡುಗ ಬೆವರುತ್ತಿದ್ದ.

ಅಜ್ಜಿಯನ್ನು ಕರೆಸಿ, ವೀಡಿಯೋ ಹಾಕಿದೆ. ದಪ್ಪ ಹುಡುಗ ಬಂದ. "ಈಗ ನೋಡಿ ಅಜ್ಜಿ" ಅಂತ ಅದರ ಸರಿಯಾದ ಅಳತೆಗೆ ಇಟ್ಟೆ. ಕಪ್ಪು ಪಟ್ಟಿ ಬಂತು, ಹುಡುಗ ಸರ್ರನೆ ಇಳಿದುಹೋದ. ಅಜ್ಜಿ ಒಮ್ಮೆ ಟಿವಿ ನೋಡಿದರು, ಒಮ್ಮೆ ಹುಡುಗನನ್ನ ನೋಡಿದರು.

"ಹಂಗಾದ್ರೆ ಕಾಯಿಲೆ ಏನೂ ಇಲ್ಲ?"

"ಕಾಯಿಲೆ ಇದ್ದದ್ದು ಟಿವಿಗೆ ಅಜ್ಜಿ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಅವನ ತಾಯಿ ಮಾತ್ರ ನಗಲಿಲ್ಲ. ಹುಡುಗಿಯನ್ನೇ ಮೇಲಿಂದ ಕೆಳಗಿನವರೆಗೆ ನೋಡುತ್ತಾ ಅಜ್ಜಿಯನ್ನು ಮೆತ್ತಗೆ ಕೇಳಿದರು:

"ಅಲ್ಲಮ್ಮಾ, ನೀವು ಕಳಿಸಿದ ವೀಡಿಯೋನೂ ನಾವು ಟಿವಿ ತುಂಬ ಹಾಕ್ಕೊಂಡೇ ನೋಡಿದ್ದು. ಬಂದಾಗಿನಿಂದ ಕೇಳೋಣಾಂತ ಇದೀನಿ, ಬಾಯಿ ಬರ್ಲಿಲ್ಲ... ಇವಳು ಮದುವೆ ಹುಡುಗಿ ತಂಗಿ ಅಲ್ವಾ?"